ಕೈ ಮುಗಿದರೆ ಕೂಗುವ ಕಾರು

ದೇವಸ್ಥಾನ ಕಂಡರೆ ನನ್ನ ಕೈಗಳು ನನ್ನ ಮಾತು ಕೇಳುವುದಿಲ್ಲ. ತಾವಾಗಿಯೇ ಮೇಲೆದ್ದು ಜೋಡಿಯಾಗಿಬಿಡುತ್ತವೆ. ತರಕಾರಿ ಚೀಲ ಹಿಡಿದಿದ್ದರೆ ಚೀಲದ ಸಮೇತ ಏಳುತ್ತವೆ. ಇದರಲ್ಲಿ ಭಕ್ತಿಯ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು ಎಂದು ನನ್ನನ್ನು ಕೇಳಬೇಡಿ. ಹಾಲಿಗೆ ಬಿದ್ದ ಸಕ್ಕರೆಯನ್ನು ಬೇರೆ ಮಾಡಿ ತೋರಿಸು ಎಂದ ಹಾಗಾಗುತ್ತದೆ. ಒಮ್ಮೆ ಯಶವಂತಪುರದ ಕಡೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದವಳು, ಕಿಟಕಿಯಾಚೆ ಗೋಪುರ ಕಂಡದ್ದೇ ತಡ, ಕಂಬಿ ಬಿಟ್ಟು ಕೈ ಮುಗಿದೆ. ಅದೇ ಹೊತ್ತಿಗೆ ಡ್ರೈವರು ಬ್ರೇಕ್ ಹಾಕಿದರು. ಕಣ್ಣು ಬಿಡುವಷ್ಟರಲ್ಲಿ ಮುಂದಿನ ಸೀಟಿನ ಹೆಂಗಸಿನ ತೊಡೆಯ ಮೇಲೆ ಕೂತಿದ್ದೆ. ಪುಣ್ಯಕ್ಕೆ ಆಕೆಯೂ ಕೈ ಮುಗಿದುಕೊಂಡೇ ಇದ್ದರು. ಜಗಳವಾಡಲು ಇಬ್ಬರಿಗೂ ಮುಖ ಬರಲಿಲ್ಲ.

ಇಷ್ಟು ವರ್ಷಗಳಲ್ಲಿ ಈ ಅಭ್ಯಾಸದಿಂದ ಆದ ದೊಡ್ಡ ಅನಾಹುತ ಅದೊಂದೇ. ಆದರೆ ಈಗ, ಐವತ್ತು ದಾಟಿ ಮಂಡಿ ನೋವು ಶುರುವಾದ ಮೇಲೆ, ನಾನು ಕಾರು ಓಡಿಸಲು ಕಲಿತಿದ್ದೇನೆ. ನೀವು ನಗುತ್ತೀರಿ ಅಂತ ಗೊತ್ತು. ನಗಿ. ನನ್ನ ಕಾರು ನಗುವುದಿಲ್ಲ, ಕೂಗುತ್ತದೆ.

ಆ ಕಾರು ನನಗೆಂದು ಬಂದದ್ದಲ್ಲ. ನಮ್ಮ ಯಜಮಾನರು ಫ್ಯಾಕ್ಟರಿ ಕೆಲಸದಿಂದ ನಿವೃತ್ತರಾದಾಗ, ಜೀವಮಾನವೆಲ್ಲ ಸ್ಕೂಟರಿನ ಮೇಲೆ ಬಿಸಿಲು ಮಳೆ ಉಂಡಾಯಿತು, ಇನ್ನಾದರೂ ಒರಗಿ ಕೂತು ಹೋಗೋಣ ಎಂದು ಆಸೆಪಟ್ಟು ತಂದದ್ದು. ಇರುವ ಅನುಕೂಲವೆಲ್ಲ ಇರಲಿ ಎಂದು ಆರಿಸಿ ಆರಿಸಿ ತಂದರು. ಕೆಲವು ತಿಂಗಳು ಓಡಿಸಿದರು ಅಷ್ಟೆ. ಗೇಟು ಒಳಗೆ ತರುವಾಗ ಒಂದು ದಿನ ಎಡಗಡೆಯ ತುಳಸಿ ಕಟ್ಟೆ ಕಾಣಲಿಲ್ಲ, ಇನ್ನೊಂದು ದಿನ ಬಲಗಡೆಯ ಕಂಬ ಕಾಣಲಿಲ್ಲ. ಕಣ್ಣಿನ ಡಾಕ್ಟರು ನೋಡಿ ಗ್ಲಾಕೋಮಾ ಎಂದರು. ಎದುರಿಗಿದ್ದದ್ದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಕೊಳವೆಯೊಳಗಿಂದ ಇಣುಕಿದ ಹಾಗಂತೆ. ಇದ್ದ ನೋಟವನ್ನು ಹನಿ ಔಷಧಿ ಹಾಕಿ ಕಾಪಾಡಿಕೊಳ್ಳಬಹುದು, ಹೋದದ್ದು ಬಾರದು, ಗಾಡಿ ಮಾತ್ರ ಮುಟ್ಟಬೇಡಿ ಎಂದರು. ಎದುರಿಗಿರುವ ನಾನಾದರೂ ಕಾಣುತ್ತೇನಲ್ಲ, ಅದೇ ದೇವರ ದಯೆ ಎಂದುಕೊಂಡೆ. ಅವರು ಮನೆಗೆ ಬಂದು ಕಾರಿಗೆ ಹೊದಿಕೆ ಹಾಕಿ, ಅದರ ನಾಲ್ಕೂ ಮೂಲೆ ಎಳೆದು ಕಟ್ಟಿದರು. ಶುಕ್ರವಾರ ಆ ಹೊದಿಕೆ ಎತ್ತಿ ಮುಂದಿನ ಗಾಜಿನ ಕೆಳಗೆ ಕುಂಕುಮವಿಡುವುದು ನನ್ನ ಕೆಲಸವಾಯಿತು. ಓಡದ ಗಾಡಿಗೂ ದೃಷ್ಟಿಯಾಗದೇ ಇರುತ್ತದೆಯೇ?

ತಣಿಸಂದ್ರದಲ್ಲಿರುವ ನಮ್ಮ ಮಗಳು ಸುಮಾ ಬಂದಾಗಲೆಲ್ಲ ಮಾರಿಬಿಡಿ ಅನ್ನುತ್ತಿದ್ದಳು. ಅವಳು ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಚಿಕ್ಕಜಾಲದಲ್ಲಿ ನಮ್ಮಕ್ಕ ಇದ್ದಾಳೆ.

ಅಕ್ಕ ಎಂದರೆ ನನಗೆ ಅರ್ಧ ಅಮ್ಮ. ಅಮ್ಮ ತೋಟದ ಕೆಲಸಕ್ಕೆ ಹೋದರೆ ನನಗೆ ಉಣಿಸಿ, ತಲೆ ಬಾಚಿ, ಸ್ಕೂಲಿಗೆ ದಬ್ಬಿದವಳು ಅವಳೇ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಆಪರೇಷನ್ನೂ ಆಗಿ, ಈಗ ಮಂಚದ ಮೇಲಿದ್ದಾಳೆ. ಸೊಸೆ ಬಂಗಾರದಂಥವಳು, ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆದರೂ ಅಕ್ಕನಿಗೆ ನಾನು ಬೇಕು, ನನಗೆ ಅಕ್ಕ ಬೇಕು. ಯಲಹಂಕದಿಂದ ಚಿಕ್ಕಜಾಲ ಏನು ದೂರ? ಆದರೆ ಬಸ್ಸು ಹೆದ್ದಾರಿಯಲ್ಲಿ ಇಳಿಸಿಬಿಟ್ಟರೆ ಆ ಕಡೆ ದಾಟಲು ಮೇಲು ಸೇತುವೆಯ ಮೆಟ್ಟಿಲು ಹತ್ತಬೇಕು. ನನ್ನ ಮಂಡಿ ಒಪ್ಪುವುದಿಲ್ಲ. ಬಾಡಿಗೆ ಕಾರು ಕರೆದರೆ, ‘ಏರ್‌ಪೋರ್ಟ್‌ಗಾದ್ರೆ ಬರ್ತೀನಿ ಮೇಡಂ, ಚಿಕ್ಕಜಾಲಕ್ಕಾದ್ರೆ ಕ್ಯಾನ್ಸಲ್ ಮಾಡ್ಕೊಳಿ’ ಅನ್ನುತ್ತಾರೆ. ಅಕ್ಕನನ್ನು ನೋಡಲು ವಿಮಾನ ಹತ್ತುವವಳ ಹಾಗೆ ನಟಿಸಬೇಕಾದ ಕಾಲ ಬಂತಲ್ಲಪ್ಪಾ ಎಂದು, ಒಂದು ದಿನ ಹೊದಿಕೆಯ ಮುಂದೆ ನಿಂತು ನಮ್ಮವರಿಗೆ ಹೇಳಿಯೇಬಿಟ್ಟೆ.

‘‘ರೀ, ನಾನೇ ಕಲೀತೀನಿ.’’

‘‘ಏನ್ನ?’’

‘‘ಇದನ್ನೇ. ಕಾರು.’’

ಅವರು ಕಾಫಿ ಲೋಟ ಕೆಳಗಿಟ್ಟು ನನ್ನನ್ನು ತಮ್ಮ ಕೊಳವೆಯ ನಡುವಿಗೆ ತಂದುಕೊಂಡು ದಿಟ್ಟಿಸಿದರು. ‘‘ಮಿಕ್ಸಿ ಸದ್ದಿಗೇ ಎರಡು ಹೆಜ್ಜೆ ಹಿಂದೆ ನಿಲ್ತೀಯ ನೀನು’’ ಎಂದರು. ಅದು ನಿಜ. ಆದರೂ ಕಲಿತೆ. ಕಲಿಸಿದವರು ಎಷ್ಟು ಸಲ ಹಣೆ ಒರೆಸಿಕೊಂಡರು ಎಂಬುದು ಇಲ್ಲಿ ಬೇಡ. ಮೊದಮೊದಲು ಕಾರೂ ಲಕ್ಷ್ಮಿಯೇ ಅಲ್ಲವೇ ಎಂದು ಚಪ್ಪಲಿ ಹೊರಗೆ ಬಿಟ್ಟು ಹತ್ತುತ್ತಿದ್ದೆ. ಒಂದು ದಿನ ಹಾಗೇ ಹೊರಟು, ಹೆಬ್ಬಾಳದಲ್ಲಿ ಇಳಿದು ನೋಡಿದರೆ ಚಪ್ಪಲಿ ಯಲಹಂಕದಲ್ಲೇ ಬಾಗಿಲು ಕಾಯುತ್ತಿತ್ತು. ಅಂದಿನಿಂದ ಒಳಗೇ ಬಿಟ್ಟುಕೊಳ್ಳುತ್ತೇನೆ.

ಲೈಸೆನ್ಸ್ ಬಂದ ಮೇಲೆ ಸುಮಾ ಒಂದು ಭಾನುವಾರ ಪಕ್ಕದಲ್ಲಿ ಕೂತು ಕಾರಿನ ಒಂದೊಂದೇ ಗುಟ್ಟು ಬಿಚ್ಚಿ ತೋರಿಸಿದಳು. ಹೆದ್ದಾರಿಗೆ ಬಂದು ಒಂದು ಗುಂಡಿ ಒತ್ತಿದರೆ, ಕಾರು ರಸ್ತೆಯ ಎರಡು ಬಿಳಿ ಗೆರೆಗಳನ್ನು ತಾನೇ ನೋಡಿಕೊಂಡು, ಆ ಗೆರೆಗಳ ನಟ್ಟನಡುವೆ ಹೋಗುತ್ತದೆ. ಪಕ್ಕಕ್ಕೆ ವಾಲಿದರೆ ಸ್ಟೀರಿಂಗ್ ತಾನೇ ಮೆಲ್ಲಗೆ ತಿರುಗಿ ನಡುವಿಗೆ ತರುತ್ತದೆ. ನನಗೆ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ಬಾಗಿಲ ಮುಂದೆ ಗೆರೆ ಎಳೆದು ಬೆಳೆದವಳು ನಾನು. ಸಾರಿಸಿ ರಂಗೋಲಿ ಬಿಟ್ಟ ಗೆರೆಯನ್ನು ಮನುಷ್ಯರೇ ತುಳಿದುಕೊಂಡು ಹೋಗುತ್ತಾರೆ. ಪೇಪರಿನವನ ಸೈಕಲ್ಲು ದಿನಾ ನನ್ನ ಎಳೆಗಳ ಮೇಲೇ ನಿಲ್ಲುತ್ತದೆ. ಗೆರೆಗೆ ಇಷ್ಟು ಮರ್ಯಾದೆ ಕೊಡುವ ಪ್ರಾಣಿಯನ್ನು ನಾನು ಕಂಡದ್ದು ಇದೇ ಮೊದಲು.

‘‘ಹಾಗಾದ್ರೆ ನಾವು ಸುಮ್ನೆ ಕೂತಿರ್ಬೋದಾ?’’ ಎಂದೆ.

‘‘ಅಯ್ಯೋ ಅಮ್ಮಾ! ಇದು ನಿನ್ ಕೈ ಹಿಡ್ಕೊಳತ್ತೆ ಅಷ್ಟೆ, ಗಾಡಿ ಓಡ್ಸೋಳು ನೀನೇ. ಸ್ಟೀರಿಂಗಿಂದ ಕೈ ತೆಗೆದ್ರೆ ಬೈಯತ್ತೆ, ನೋಡ್ತಿರು.’’

ಹಾಗೆ ಹೇಳಿ ಮಗಳು ಅವಳ ಮನೆಗೆ ಹೋದಳು. ಬೈಗುಳ ಹೇಗಿರುತ್ತದೆಂದು ಕಂಡದ್ದು ಮುಂದಿನ ಗುರುವಾರ, ನಮ್ಮವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕನ ಮನೆಗೆ ಹೊರಟಾಗ.

ಇಲ್ಲಿ ರಸ್ತೆಯ ನಮಸ್ಕಾರಗಳ ಬಗ್ಗೆ ಎರಡು ಮಾತು ಹೇಳಬೇಕು. ಹಾದಿಯಲ್ಲಿ ಸಿಗುವ ದೇವರಿಗೆ ನಮಸ್ಕಾರ ಮಾಡುವುದರಲ್ಲಿ ಒಬ್ಬೊಬ್ಬರದು ಒಂದೊಂದು ಬಗೆ. ಆಟೋದವರು ಬಲಗೈಯನ್ನು ಎದೆಗೂ ತುಟಿಗೂ ಎಷ್ಟು ಚುರುಕಾಗಿ ಮುಟ್ಟಿಸುತ್ತಾರೆಂದರೆ, ನೊಣ ಓಡಿಸಿದರೋ ನಮಸ್ಕಾರ ಮಾಡಿದರೋ ತಿಳಿಯುವುದಿಲ್ಲ. ಬಸ್ ಡ್ರೈವರು ಹಾರ್ನ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಹೆಲ್ಮೆಟ್ಟಿನ ಹುಡುಗರು ತಲೆ ಮಾತ್ರ ತಗ್ಗಿಸುತ್ತಾರೆ. ನಮ್ಮದು ಇದ್ಯಾವುದೂ ಅಲ್ಲ. ನಮ್ಮ ತೌರಿನ ಕಡೆ ಒಂಟಿಗೈ ನಮಸ್ಕಾರ ದೇವರಿಗೆ ಮಾಡುವ ಅವಮಾನ. ಎರಡೂ ಕೈ ಸೇರಬೇಕು, ಎದೆಯಿಂದ ಹಣೆಗೆ ಹೋಗಬೇಕು, ಕಣ್ಣು ಮುಚ್ಚಬೇಕು. ಇದು ಅಪ್ಪ ಕಲಿಸಿದ್ದು.

ಅಪ್ಪನಿಗೆ ದ್ರಾಕ್ಷಿ ತೋಟವಿತ್ತು. ಈಗಿನ ಹೆದ್ದಾರಿ ಆಗ ಎರಡು ಗಾಡಿ ಎದುರುಬದುರಾದರೆ ಒಂದು ಮಣ್ಣಿಗಿಳಿಯಬೇಕಾದ ರಸ್ತೆ. ಎರಡೂ ಕಡೆ ಹುಣಸೆ ಮರ. ಕುಕ್ಕೆಗಳಲ್ಲಿ ಕಪ್ಪು ದ್ರಾಕ್ಷಿ ತುಂಬಿ ಮೇಲೆ ಬೇವಿನ ಸೊಪ್ಪು ಹೊದಿಸಿ, ಯಲಹಂಕಕ್ಕೆ ಗಾಡಿ ಕಟ್ಟಿಕೊಂಡು ಹೊರಟರೆ, ರಜಾ ದಿನ ನಾನೂ ಅಕ್ಕನೂ ಹಿಂದೆ ಕಾಲು ಇಳಿಬಿಟ್ಟುಕೊಂಡು ಕೂತಿರುತ್ತಿದ್ದೆವು. ದಾರಿಯಲ್ಲಿ ಆಂಜನೇಯನ ಗುಡಿ ಬರುತ್ತಿತ್ತು. ಅಪ್ಪ ಹಗ್ಗವನ್ನು ತೊಡೆಯ ಕೆಳಗೆ ಸಿಕ್ಕಿಸಿ ಎರಡೂ ಕೈ ಮುಗಿದು ಕಣ್ಣು ಮುಚ್ಚುತ್ತಿದ್ದ. ಕೆಂದ, ಬಿಳಿಯ ಎಂಬ ನಮ್ಮ ಎತ್ತುಗಳು ತಾವಾಗಿಯೇ ರಸ್ತೆಯ ನಡುವೆ ನಡೆಯುತ್ತಿದ್ದವು. ಅಪ್ಪನ ಪ್ರಾರ್ಥನೆ ಉದ್ದವಾದರೂ ಅವಸರಪಡುತ್ತಿರಲಿಲ್ಲ. ಆ ಗಾಡಿಯಲ್ಲಿ ಕೂತು ಕಂಡ ಬೆಳಗುಗಳನ್ನು ನೆನೆದರೆ ಈಗಲೂ ನನ್ನ ಮೂಗಿಗೆ ಬೇವೂ ದ್ರಾಕ್ಷಿಯೂ ಸೇರಿದ ವಾಸನೆ ಬರುತ್ತದೆ. ತೋಟ ಹೋಯಿತು, ಹುಣಸೆ ಮರ ಹೋದವು, ರಸ್ತೆ ಅಗಲವಾಗುತ್ತಾ ಅಗಲವಾಗುತ್ತಾ ಗುಡಿ ಹಿಂದೆ ಹಿಂದೆ ಸರಿದು, ಈಗ ಸರ್ವಿಸ್ ರಸ್ತೆಯಾಚೆ ಒಂದು ಟೈಲ್ಸ್ ಅಂಗಡಿಯ ಬೋರ್ಡಿನ ಪಕ್ಕ ಶಿಖರ ಮಾತ್ರ ಇಣುಕುತ್ತದೆ.

ಮದುವೆಯಾಗಿ ಬಂದ ಮೇಲೆ ಸ್ಕೂಟರಿನ ಹಿಂದಿನ ಸೀಟು. ಅಲ್ಲೂ ಕೈ ಮುಗಿಯಲು ಅಡ್ಡಿ ಇರಲಿಲ್ಲ. ಆದರೆ ನನ್ನ ಕೈ ಅವರ ಹೆಗಲಿನಿಂದ ಮೇಲೆದ್ದದ್ದು ಗೊತ್ತಾದ ಕೂಡಲೇ ಅವರು ವೇಗ ಇಳಿಸುತ್ತಿದ್ದರು. ‘‘ಆಯ್ತಾ? ನನ್ನದೂ ಒಂದು ಸೇರ್ಸಿ ಹಾಕ್ಬಿಡು’’ ಅನ್ನುತ್ತಿದ್ದರು. ಅವರು ದೇವಸ್ಥಾನದೊಳಗೆ ಬಂದದ್ದೇ ಕಡಿಮೆ. ಹೊರಗೆ ಸ್ಕೂಟರಿನ ಹತ್ತಿರ ನಿಂತು ಚಪ್ಪಲಿ ಕಾಯುವ ಭಕ್ತರು. ಹೀಗೆ ಮೂವತ್ತು ವರ್ಷಕ್ಕೂ ಮೇಲೆ ಹ್ಯಾಂಡಲ್ಲು ಅವರದು, ದೇವರು ನನ್ನದು ಎಂದು ನಮ್ಮ ಸಂಸಾರ ನಡೆದಿತ್ತು. ಈಗ ಸ್ಟೀರಿಂಗೂ ನನ್ನದಾಯಿತು, ದೇವರೂ ನನ್ನ ಪಾಲಿಗೇ ಉಳಿದ. ತೊಂದರೆಯ ಮೂಲ ಅದೇ.

ಆ ಗುರುವಾರ ಹೆದ್ದಾರಿಗೆ ಬಂದು ಗುಂಡಿ ಒತ್ತಿದೆ. ಕಾರು ಗೆರೆಗಳ ನಡುವೆ ನೀರಿನ ಹಾಗೆ ಹರಿಯಿತು. ಟೈಲ್ಸ್ ಅಂಗಡಿಯ ಬೋರ್ಡು, ಅದರ ಪಕ್ಕ ಶಿಖರ. ಆಮೇಲೇನಾಯಿತೆಂದು ನಾನು ಹೇಳಬೇಕೇ? ಕೈಗಳು ಎದ್ದವು, ಸೇರಿದವು, ಕಣ್ಣು ಮುಚ್ಚಿತು. ಕತ್ತಲೊಳಗೆ ಟಿಣ್ ಟಿಣ್ ಎಂದು ಗಂಟೆಯ ಸದ್ದು. ಆಹಾ, ಮಂಗಳಾರತಿಯ ಹೊತ್ತಿಗೇ ಹಾದು ಹೋಗುತ್ತಿದ್ದೇನಲ್ಲ, ಎಂಥಾ ಭಾಗ್ಯ ಎಂದುಕೊಂಡೆ.

‘‘ಲೇ! ಕೈ! ಕೈ ಎಲ್ಲೇ?’’

ಕಣ್ಣು ಬಿಟ್ಟರೆ, ಎದುರಿನ ಗಾಜಿನ ಕೆಳಗೆ ಒಂದು ಸ್ಟೀರಿಂಗ್ ಚಿತ್ರ, ಅದರ ಮೇಲೆ ಎರಡು ಕೆಂಪು ಕೈಗಳು. ಮಂಗಳಾರತಿ ಕಾರಿನೊಳಗೇ ನಡೆಯುತ್ತಿತ್ತು. ಗಬಕ್ಕನೆ ಸ್ಟೀರಿಂಗ್ ಹಿಡಿದೆ. ಗಂಟೆ ನಿಂತಿತು. ನಾನು ಕಣ್ಣು ಮುಚ್ಚಿದ್ದು ಅರೆಕ್ಷಣ ಎಂದು ನನ್ನ ವಾದ, ಅರ್ಧ ಕಿಲೋಮೀಟರ್ ಎಂದು ಅವರ ವಾದ.

‘‘ನೋಡಿದ್ರಾ, ನಾನು ಬಿಟ್ರೂ ಗಾಡಿ ನೇರವಾಗೇ ಹೋಯ್ತು. ಆಂಜನೇಯನೇ ಹಿಡ್ಕೊಂಡ’’ ಎಂದೆ, ಧೈರ್ಯ ತಂದುಕೊಂಡು.

‘‘ಆಂಜನೇಯ ಅಲ್ಲ ಕಣೇ, ಕ್ಯಾಮೆರಾ. ಗೆರೆ ಅಳಿಸಿದ್ದ ಕಡೆ ಕೈ ಬಿಟ್ಟಿದ್ರೆ ಡಿವೈಡರ್ ಮೇಲೆ ಇರ್ತಿದ್ವಿ.’’

‘‘ನಮ್ಮಪ್ಪನೂ ಹಿಂಗೇ ಮುಗೀತಿದ್ದ. ಎತ್ತುಗಳು ಏನೂ ಅನ್ನುತ್ತಿರಲಿಲ್ಲ.’’

‘‘ನಿಮ್ಮಪ್ಪನ ಗಾಡಿ ಹಿಂದೆ ಕಾಂಕ್ರೀಟ್ ಲಾರಿ ಬರ್ತಿತ್ತಾ?’’

ಕನ್ನಡಿಯತ್ತ ಕಣ್ಣು ಹಾಯಿಸಿದೆ. ನಿಜಕ್ಕೂ ಒಂದು ಲಾರಿ ಹಿಂದೆಯೇ ಇತ್ತು. ಅವರ ಮುಖ ನೋಡಿದೆ. ಕೋಪವಿರಲಿಲ್ಲ, ಬೆವರಿತ್ತು. ತಾವು ಹಿಡಿಯಬಾರದ ಸ್ಟೀರಿಂಗನ್ನು ಇನ್ನೊಬ್ಬರು ಬಿಟ್ಟು ಕೂತಾಗ ಪಕ್ಕದಲ್ಲಿರುವವರಿಗೆ ಹೇಗಾಗುತ್ತದೆಂದು ಆಗ ನನಗೆ ಹೊಳೆಯಿತು. ಅವರ ಎರಡೂ ಕೈ ಗಾಳಿಯಲ್ಲಿ, ಇಲ್ಲದ ಸ್ಟೀರಿಂಗಿನ ಮೇಲಿದ್ದವು.

ಮನೆಗೆ ಬಂದ ಮೇಲೆ ತೀರ್ಪಾಯಿತು. ‘‘ನೋಡು, ಮುಂದಿನ ವಾರ ನನ್ನ ಕೂರಿಸ್ಕೊಂಡು ಚಿಕ್ಕಜಾಲ ಮುಟ್ಸು. ಕಾರು ಒಂದ್ಸಲಾನೂ ಕೂಗಬಾರ್ದು. ಮುಟ್ಟಿಸ್ದೆ ಅಂದ್ರೆ ಆಮೇಲೆ ಒಬ್ಬಳೇ ಹೋಗು, ಬಾ, ನಾನು ಒಂದು ಮಾತೂ ಆಡಲ್ಲ. ಕೂಗ್ತೋ, ಕೀ ಸುಮಂಗೆ ಕೊಟ್ಬಿಡೋಣ. ಮಾರ್ಲಿ.’’

ಹೊದಿಕೆಯ ಮೂಲೆಗಳನ್ನು ಎಳೆದು ಕಟ್ಟಿದ ಕೈಗಳು ಅವು. ಸುಮ್ಮನೆ ಹೇಳಿದ ಮಾತಲ್ಲ.

ಒಬ್ಬಳೇ ಹೋಗುವುದು ನನಗೆ ಯಾಕೆ ಅಷ್ಟು ಬೇಕಿತ್ತು ಎಂದು ಕೇಳುತ್ತೀರೇನೋ. ನಮ್ಮವರು ಜೊತೆಗೆ ಬಂದರೆ ಅಕ್ಕ ಮಂಚದ ಮೇಲೆ ಮಲಗಿದ್ದವಳು ಸೆರಗು ಸರಿ ಮಾಡಿಕೊಂಡು ಗೋಡೆಗೆ ಒರಗಲು ಒದ್ದಾಡುತ್ತಾಳೆ. ತಂಗಿಯ ಗಂಡನ ಮುಂದೆ ಮಲಗಿರುವುದುಂಟೇ? ‘‘ಕಾಪಿ ತಕ್ಕಳಿ’’, ‘‘ಬಿಸ್ಲು ಜಾಸ್ತಿ’’ ಎಂಬೆರಡು ಮಾತಿನಲ್ಲಿ ಭೇಟಿ ಮುಗಿಯುತ್ತದೆ. ಅಷ್ಟರಲ್ಲಿ ಇವರ ಹನಿ ಔಷಧಿಯ ಹೊತ್ತಾಗುತ್ತದೆ. ಅಕ್ಕನ ಸೊಂಟ ಎಲ್ಲಿ ನೋಯುತ್ತದೆ, ಸಂಜೆಯಾದರೆ ಯಾಕೆ ಅಳು ಬರುತ್ತದೆ, ಇದನ್ನೆಲ್ಲ ಅವಳು ಸೊಸೆಗೆ ಹೇಳುವುದಿಲ್ಲ, ಇವರ ಮುಂದಂತೂ ಹೇಳುವುದಿಲ್ಲ. ನನಗೆ ಹೇಳುತ್ತಾಳೆ. ಹೇಳಲು ನಾನು ಅಲ್ಲಿರಬೇಕಷ್ಟೆ.

ಆ ವಾರವೆಲ್ಲ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಮಾಡಿದೆ. ಆಗ ಇನ್ನೊಂದು ವಿಚಿತ್ರ ಗೊತ್ತಾಯಿತು. ನಾನು ಎರಡೂ ಕೈಯನ್ನು ಸ್ಟೀರಿಂಗಿನ ಮೇಲೆ ಭದ್ರವಾಗಿ ಇಟ್ಟುಕೊಂಡಿದ್ದೆ, ಆದರೂ ಕೂಗಿತು!

‘‘ಕೈ ಇಲ್ಲೇ ಇದೆಯಲ್ಲೇ! ಇದಕ್ಕೇನು ಕಣ್ಣು ಕಾಣಲ್ವಾ?’’

‘‘ಕಾಣಲ್ಲ ಅಮ್ಮಾ. ಇದು ಕೈ ನೋಡಲ್ಲ. ನೀನು ಆಗಾಗ ಸ್ಟೀರಿಂಗನ್ನ ಒಂಚೂರು ಆ ಕಡೆ ಈ ಕಡೆ ಎಳೆದ್ರೆ, ಯಾರೋ ಇದ್ದಾರೆ ಅಂತ ಅದಕ್ಕೆ ಗೊತ್ತಾಗೋದು. ಸುಮ್ನೆ ಇಟ್ಕೊಂಡ್ರೆ ಇಲ್ಲ ಅಂದ್ಕೊಳತ್ತೆ.’’

ಇದು ನನಗೆ ತಟ್ಟನೆ ಅರ್ಥವಾಯಿತು, ಏಕೆಂದರೆ ಇದೇ ಪಾಠವನ್ನು ನಾನು ಚಿಕ್ಕಂದಿನಲ್ಲೇ ಕಲಿತಿದ್ದೆ. ಅಕ್ಕ ಜಗಲಿಯ ಮೇಲೆ ಕೂತು ನನ್ನ ತಲೆ ಬಾಚುತ್ತಾ ಕಥೆ ಹೇಳುತ್ತಿದ್ದಳು. ಏಳು ಮಲ್ಲಿಗೆ ತೂಕದ ರಾಜಕುಮಾರಿಯ ಕಥೆ, ಮಾತಾಡುವ ಗಿಣಿಯ ಕಥೆ. ಕೇಳುವವರು ‘ಹ್ಞೂಂ’ ಅನ್ನುತ್ತಿರಬೇಕು. ಒಂದು ಸಲ ಹ್ಞೂಂ ತಪ್ಪಿದರೆ ಅಕ್ಕ ಕಥೆ ನಿಲ್ಲಿಸಿ ಜಡೆ ಜಗ್ಗುತ್ತಿದ್ದಳು: ‘‘ನಿದ್ದೆ ಬಂತೇನೇ?’’ ನಾನು ಎಚ್ಚರವಾಗಿಯೇ ಇರುತ್ತಿದ್ದೆ. ರಾಜಕುಮಾರಿಯ ಹಿಂದೆಯೇ ಕಾಡಿನಲ್ಲಿ ನಡೆಯುತ್ತಿರುತ್ತಿದ್ದೆ. ಆದರೆ ನಾನಿರುವುದು ಹೇಳುವವಳಿಗೆ ತಿಳಿಯಬೇಡವೇ? ಅಡಿಗೆ ಮನೆಯಲ್ಲಿ ನಿಂತ ಹೆಂಗಸರಿಗೆ ಹೊರಗಿನ ಕೋಣೆಯಿಂದ ಒಂದು ಹ್ಞೂಂ ಬೇಕಾಗಿರುತ್ತದೆ. ಪೇಪರ್ ಓದುತ್ತಾ ಕೂತ ಗಂಡಸರು, ನಾನು ಇಲ್ಲೇ ಇದ್ದೀನಲ್ಲ ಅನ್ನುತ್ತಾರೆ. ಇದ್ದರೆ ಸಾಲದು ಎಂದು ಕಂಡುಹಿಡಿದ ಈ ಕಾರಿನ ಎಂಜಿನಿಯರನ ಮನೆಯಲ್ಲಿ ಯಾರೋ ಒಳ್ಳೆಯ ಹೆಂಗಸು ಇದ್ದಿರಬೇಕು. ಅಂದಿನಿಂದ ಸ್ಟೀರಿಂಗಿಗೆ ಆಗಾಗ ಒಂದು ಹ್ಞೂಂ ಕೊಡುವುದನ್ನು ಕಲಿತೆ.

ಪರೀಕ್ಷೆಯ ಗುರುವಾರ ಬಂತು. ಪೂಜೆಯ ಹೊತ್ತಿನಲ್ಲಿ ದೇವರಿಗೆ ಮುಂಗಡವಾಗಿಯೇ ಎಲ್ಲ ನಮಸ್ಕಾರಗಳನ್ನೂ ಹಾಕಿಬಿಟ್ಟೆ: ಯಲಹಂಕದ ಗಣಪತಿಗೆ ಒಂದು, ಅಮ್ಮನವರಿಗೆ ಒಂದು, ಹೆದ್ದಾರಿಯ ಆಂಜನೇಯನಿಗೆ ಒಂದು. ಆದರೆ ಹಾದಿಯಲ್ಲಿ ಎದುರಾದಾಗ ತಿರುಗಿ ನೋಡದೇ ಹೋದರೆ, ಬೆಳಿಗ್ಗೆ ಫೋನು ಮಾಡಿದ್ದೆನಲ್ಲ ಎಂದು ನೆಂಟರನ್ನು ಬೀದಿಯಲ್ಲಿ ಮಾತಾಡಿಸದೇ ಹೋದ ಹಾಗಲ್ಲವೇ? ಕಾರು ಹತ್ತುವಾಗ ನಮ್ಮವರಿಗೆ ಹೇಳಿದೆ.

‘‘ರೀ, ಇವತ್ತು ಕೈ ಮುಗಿಯೋ ಕೆಲಸ ನಿಮ್ಮದು.’’

‘‘ನಂದಾ? ನಂಗೆ ಪಕ್ಕದಲ್ಲಿ ಗುಡಿ ಇರೋದೇ ಕಾಣಲ್ಲ ಮಾರಾಯ್ತಿ.’’

‘‘ನಾನು ಹೇಳ್ತೀನಿ. ನೀವು ಮುಗೀರಿ.’’

ಹೀಗೆ ಹೊರಟೆವು. ನಾನು ಕಂಡಕ್ಟರಳ ಹಾಗೆ ‘‘ಎಡಗಡೆ ಗಣಪತಿ’’ ಎನ್ನುವುದು, ಅವರು ಎಡಕ್ಕೆ ತಿರುಗಿ ಕೈ ಮುಗಿಯುವುದು. ‘‘ಬಲಗಡೆ ಅಮ್ಮನವರು’’, ಬಲಕ್ಕೆ. ಸಿಗ್ನಲ್ಲಿನಲ್ಲಿ ನಿಂತಾಗ ಅವರು ಭಕ್ತಿಯಿಂದ ಮುಗಿದ ಕಡೆ ನೋಡಿದರೆ ಬಿರಿಯಾನಿ ಹೋಟೆಲು. ಬಾಗಿಲಲ್ಲಿ ನಿಂತಿದ್ದವನು ಎರಡೂ ಕೈ ಜೋಡಿಸಿ, ‘‘ಬನ್ನಿ ಸರ್’’ ಅನ್ನುತ್ತಿದ್ದ.

‘‘ಯಾರದು?’’

‘‘ಯಾರೂ ಅಲ್ಲ. ದೇವಸ್ಥಾನ ದಾಟಿ ಬಂದ್ವಿ. ಇನ್ ಸ್ವಲ್ಪ ಬೇಗ ಮುಗೀರಿ.’’

‘‘ನೀನ್ ಸ್ವಲ್ಪ ಬೇಗ ಹೇಳು.’’

ಹೆದ್ದಾರಿಗೆ ಬಂದೆವು. ಗುಂಡಿ ಒತ್ತಿದೆ. ಕೈ ಎರಡೂ ಅದರ ಜಾಗದಲ್ಲಿ. ಆಗಾಗ ಒಂದು ಸಣ್ಣ ಎಳೆತ. ಕಾರು ತೆಪ್ಪಗಿತ್ತು. ಬಾಯಲ್ಲಿ ರಾಮ ರಾಮ ಎನ್ನುತ್ತಿದ್ದೆ, ಕಣ್ಣು ಬಿಟ್ಟುಕೊಂಡೇ. ಟೈಲ್ಸ್ ಅಂಗಡಿಯ ಬೋರ್ಡು ದೂರದಲ್ಲಿ ಕಂಡಿತು. ಈ ಗುಡಿಯೊಂದನ್ನು ದಾಟಿದರೆ ಅಕ್ಕನ ಊರಿಗೆ ಬಂದ ಹಾಗೆಯೇ.

‘‘ಎಡಗಡೆ. ಆಂಜನೇಯ. ನಮ್ಮಪ್ಪನ ಆಂಜನೇಯ’’ ಎಂದೆ.

ಅವರು ಎಡಕ್ಕೆ ತಿರುಗಿದರು. ಎರಡೂ ಕೈ ಸೇರಿಸಿ, ಎದೆಯಿಂದ ಹಣೆಗೆ ತಂದು, ಕಣ್ಣು ಮುಚ್ಚಿದರು. ಗಣಪತಿಗೂ ಅಮ್ಮನವರಿಗೂ ಹಾಕಿದ ಹಾಗೆ ಹಾಕಿ ತೆಗೆಯಲಿಲ್ಲ. ಹಾಗೇ ಇದ್ದರು. ಗುಡಿ ಹಿಂದೆ ಹೋಯಿತು, ಅಂಗಡಿಯ ಬೋರ್ಡೂ ಹಿಂದೆ ಹೋಯಿತು, ಅವರ ಕೈ ಇಳಿಯಲಿಲ್ಲ. ಚಪ್ಪಲಿ ಕಾಯುವ ನಮ್ಮ ಯಜಮಾನರು! ಏನು ಕೇಳಿಕೊಂಡರೋ, ಯಾರಿಗಾಗಿ ಕೇಳಿಕೊಂಡರೋ. ನಾನು ರಸ್ತೆಯನ್ನೇ ನೋಡುತ್ತಿದ್ದೆ, ಕೈಯೂ ಸ್ಟೀರಿಂಗಿನ ಮೇಲೇ ಇತ್ತು. ಆದರೆ ಕೈಯೊಳಗಿನ ಬಲವೆಲ್ಲ ಎಲ್ಲೋ ಕರಗಿ, ಎರಡು ಹತ್ತಿಯ ಉಂಡೆ ಇಟ್ಟ ಹಾಗಿದ್ದವು.

ಟಿಣ್ ಟಿಣ್ ಟಿಣ್.

ಎಳೆದೆ. ನಿಂತಿತು. ಕೂಗಿದ್ದು ಕೂಗಿಯಾಗಿತ್ತು. ಚಿಕ್ಕಜಾಲದ ಬೋರ್ಡು ಕಾಣುತ್ತಿತ್ತು, ಅಷ್ಟು ಹತ್ತಿರ! ಕಾರಿನ ಕೀ ಮಗಳ ಕೈಗೆ ಹೋಗುವುದು, ಅಕ್ಕ ಗೋಡೆ ನೋಡುತ್ತಾ ಮಲಗಿರುವುದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅವರು ನಿಧಾನವಾಗಿ ಕೈ ಇಳಿಸಿದರು. ಮುಖ ಒರೆಸಿಕೊಂಡರು. ತೀರ್ಪಿಗೆ ಕಾಯುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು ಅನ್ನಿಸಿತು.

‘‘ರೀ… ಕೂಗ್ತು.’’

‘‘ಏನು?’’

‘‘ಕಾರು.’’

‘‘ನಂಗೇನೂ ಕೇಳಿಸ್ಲಿಲ್ಲ.’’

‘‘ಈಗ್ತಾನೇ ಕೂಗ್ತು ರೀ. ಕೈ ಇಟ್ಕೊಂಡೇ ಇದ್ದೆ, ಆದ್ರೂ…’’

‘‘ಲೇ, ಸುಮ್ನೆ ರಸ್ತೆ ನೋಡ್ಕೊಂಡು ಓಡ್ಸೇ. ಕೇಳಿಸ್ಲಿಲ್ಲ ಅಂದ್ನಲ್ಲ.’’

ಕಣ್ಣು ಮಂಕಾದ ಮೇಲೆ ಅವರ ಕಿವಿ ಎಷ್ಟು ಚುರುಕಾಗಿದೆಯೆಂದರೆ, ಹೊರಗೆ ಗೇಟಿನ ಹತ್ತಿರ ಕೂತು ಒಳಗೆ ಹಾಲು ಉಕ್ಕುವುದನ್ನು ನನಗಿಂತ ಮೊದಲು ಕೇಳಿಸಿಕೊಳ್ಳುತ್ತಾರೆ. ಪಕ್ಕದ ಮನೆಯವರ ಫೋನು ಬಡಿದುಕೊಂಡರೆ ಯಾವ ಕೋಣೆಯದು ಎಂದು ಹೇಳುತ್ತಾರೆ. ಆ ಕಿವಿಗೆ, ಎರಡು ಗೇಣು ದೂರದಲ್ಲಿ ಹೊಡೆದುಕೊಂಡ ಗಂಟೆ ಕೇಳಿಸಲಿಲ್ಲ. ದೇವರು ನನಗೆ ಕೊಟ್ಟ ಸಣ್ಣಪುಟ್ಟ ದಯೆಗಳನ್ನು ಸಂಜೆ ಕೂತು ನೆನೆಯುವ ಅಭ್ಯಾಸ ನನಗಿದೆ: ಮಗಳ ಮನೆ ಹತ್ತಿರದಲ್ಲೇ ಇದೆ, ಬೋರ್‌ವೆಲ್ ಬತ್ತಿಲ್ಲ, ಮಂಡಿ ನೋವು ಒಂದೇ ಕಾಲಿಗಿದೆ. ಅಂದು ಸಂಜೆ ಬೇರೆ ಯಾವುದೂ ನೆನಪಿಗೆ ಬರಲಿಲ್ಲ. ನಮ್ಮ ಯಜಮಾನರಿಗೆ ಒಂದು ಸದ್ದು ಕೇಳಿಸಲಿಲ್ಲ ಎಂಬುದೊಂದೇ ಸಾಕಾಯಿತು.

ಅದರ ಮುಂದಿನ ಗುರುವಾರ ಒಬ್ಬಳೇ ಹೋದೆ. ಅವರು ಗೇಟು ತೆಗೆದು ನಿಂತು, ಆಡಿದ ಮಾತಿನಂತೆ ಒಂದು ಮಾತೂ ಆಡಲಿಲ್ಲ. ಟೈರುಗಳನ್ನು ಮಾತ್ರ ಒಂದೊಂದಾಗಿ ಕಾಲಿನಿಂದ ಒದ್ದು ನೋಡಿದರು. ಪಕ್ಕದ ಸೀಟು ಖಾಲಿಯಿತ್ತು. ಗುಡಿಗಳು ಬಂದಾಗ ಗಟ್ಟಿಯಾಗಿಯೇ ಹೇಳಿದೆ: ‘‘ಸ್ವಾಮಿ, ಕೈ ಇಲ್ಲಿ ಸಿಕ್ಕಿಹಾಕ್ಕೊಂಡಿದೆ. ಅಕ್ಕನ ಮನೆಗೆ ಹೋಗ್ತಿದೀನಿ.’’ ಪಕ್ಕದ ಗಾಡಿಯವರು ಫೋನಿನಲ್ಲಿ ಮಾತಾಡುತ್ತಿದ್ದಾಳೆ ಅಂದುಕೊಂಡಿರಬೇಕು. ಈಗ ಎಲ್ಲರೂ ಹಾಗೇ ಮಾತಾಡುತ್ತಾರಲ್ಲ.

ಅಕ್ಕ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದಳು. ನನ್ನ ಹಿಂದೆ ಯಾರೂ ಬರದ್ದನ್ನು ನೋಡಿ ತಲೆಯೆತ್ತಿದಳು.

‘‘ಅವ್ರೆಲ್ಲೇ?’’

‘‘ಬಂದಿಲ್ಲ. ನಾನೊಬ್ಳೇ ಬಂದೆ. ಕಾರ್ ಓಡ್ಸ್ಕೊಂಡು.’’

‘‘ನಿನ್ ಮನೆ ಕಾಯ್ವೋಗ! ಒಬ್ಳೇ? ಎಂಗೆ ಬಂದ್ಯೇ?’’

ಗೆರೆಗಳ ವಿಷಯ, ಸ್ಟೀರಿಂಗ್ ತಾನೇ ತಿರುಗುವ ವಿಷಯ ಎಲ್ಲ ಹೇಳಿದೆ. ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ‘‘ಇದೇನ್ ಒಸದು? ಅಪ್ಪಯ್ಯ ಗಾಡಿ ಒಡ್ಕೊಂಡ್ ಓಗ್ತಿರ್ಲಿಲ್ವಾ ಇಂಗೇ, ಕಣ್ ಮುಚ್ಕೊಂಡು’’ ಎಂದು ನಕ್ಕಳು. ನಕ್ಕರೆ ಸೊಂಟ ನೋಯುತ್ತದೆ, ನೋಯುತ್ತದೆಂದು ಇನ್ನೂ ನಕ್ಕಳು. ಆಮೇಲೆ ಆ ನೋವಿನ ಮಾತಿಗೆ ಬಂದಳು. ಸಂಜೆಯ ಅಳುವಿನ ಮಾತಿಗೂ ಬಂದಳು. ನಾನು ಅವಳ ತಲೆಗೆ ಎಣ್ಣೆ ಹಾಕಿ, ಇರುವ ನಾಲ್ಕು ಕೂದಲನ್ನು ಬಾಚಿ, ಬೆರಳುದ್ದದ ಜಡೆ ಹೆಣೆದೆ. ಮಾತಾಡುತ್ತಾ ಆಡುತ್ತಾ ನನ್ನ ಕೈ ಹಿಡಿದುಕೊಂಡೇ ಅವಳ ಕಣ್ಣು ಮುಚ್ಚಿತು. ಉಸಿರು ನಿಧಾನವಾಯಿತು. ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಮದುವೆಯಾಗಿ ಬಂದಂದಿನಿಂದ, ಮುಟ್ಟು ಮೈಲಿಗೆ ಬಿಟ್ಟರೆ, ಹೊತ್ತು ಮುಳುಗುವ ಮುಂಚೆ ದೇವರ ಮುಂದೆ ದೀಪ ಹಚ್ಚುವುದನ್ನು ನಾನು ತಪ್ಪಿಸಿದವಳಲ್ಲ. ಈಗ ಹೊರಟರೆ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿ, ನಿದ್ದೆ ಕೆಡದ ಹಾಗೆ ಮೆಲ್ಲಗೆ ನನ್ನ ಬೆರಳು ಬಿಡಿಸಿಕೊಂಡೆ.

‘‘ಎಲ್ಲೋಯ್ತೀಯೇ?’’ ಎಂದಳು ಅಕ್ಕ. ಕಣ್ಣು ತೆರೆಯಲಿಲ್ಲ.

‘‘ಎಲ್ಲೂ ಇಲ್ಲಕ್ಕ’’ ಎಂದು ಕೈಯನ್ನು ಮತ್ತೆ ಅಲ್ಲೇ ಇಟ್ಟೆ.

ಅಂದು ನಾನು ಮನೆ ಸೇರುವಷ್ಟರಲ್ಲಿ ಬೀದಿ ದೀಪಗಳೆಲ್ಲ ಹತ್ತಿದ್ದವು. ಕೈಕಾಲು ತೊಳೆದು, ಹೆದರಿಕೊಂಡೇ ದೇವರ ಕೋಣೆಯ ಬಾಗಿಲು ತೆರೆದು ಕತ್ತಲಲ್ಲಿ ಒಂದು ಗಳಿಗೆ ನಿಂತೆ. ಒಳಗಿನಿಂದ ಯಾವ ಗಂಟೆಯೂ ಹೊಡೆದುಕೊಳ್ಳಲಿಲ್ಲ.